ಬ್ಯಾಂಕಿಗೆ ‘ತಿಳಿದಿಲ್ಲ’ ಎಂದರೆ ಯಾರು ನಂಬಬೇಕು?

ಬೆಂಗಳೂರಿನ ಬೆಳ್ಳಂದೂರಿನಲ್ಲಿ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿ ಇತ್ತೀಚೆಗೆ ಬೀಗ ಜಡಿದ ಬಾಗಿಲೊಂದನ್ನು ನೋಡಿದೆ. ಬೀಗದ ಮೇಲೆ ಅರಗಿನ ಮುದ್ರೆ, ಪಕ್ಕದ ಗೋಡೆಗೆ ಗೋಂದು ಹಚ್ಚಿ ಅಂಟಿಸಿದ ಬ್ಯಾಂಕಿನ ಹರಾಜು ನೋಟಿಸು. ಚದರಡಿ, ಚೆಕ್ಕುಬಂದಿ, ರಿಸರ್ವ್ ಬೆಲೆ ಎಲ್ಲವೂ ಅದರಲ್ಲಿತ್ತು. ‘ಋಣಭಾರ’ ಎಂಬಲ್ಲಿ ಮಾತ್ರ ಒಂದೇ ಪದ: ‘ತಿಳಿದಿಲ್ಲ’. ಕೆಳಗೆ ಸಣ್ಣ ಅಕ್ಷರದಲ್ಲಿ, ಸ್ವತ್ತನ್ನು ‘ಇದ್ದಲ್ಲಿ ಇದ್ದಂತೆ’ ಮಾರಲಾಗುವುದು ಎಂಬ ಷರತ್ತು.

ಆ ‘ತಿಳಿದಿಲ್ಲ’ವನ್ನು ನಾನು ಒಪ್ಪುವುದಿಲ್ಲ. ಅದೇ ಮನೆಗೆ ಸಾಲ ಕೊಡುವಾಗ ಬ್ಯಾಂಕು ಮೂಲಪತ್ರ, ಋಣಭಾರ ಪ್ರಮಾಣಪತ್ರ (ಇಸಿ), ಖಾತೆ, ಕಂದಾಯ ರಸೀದಿಗಳನ್ನೆಲ್ಲ ತರಿಸಿಕೊಂಡಿರುತ್ತದೆ. ತನ್ನ ಪ್ಯಾನೆಲ್ ವಕೀಲರಿಂದ ಲೀಗಲ್ ಒಪಿನಿಯನ್ ಬರೆಸಿ, ಎಂಜಿನಿಯರರಿಂದ ಬೆಲೆ ಕಟ್ಟಿಸಿರುತ್ತದೆ. ಅದರ ಖರ್ಚನ್ನೂ ಸಾಲಗಾರನಿಂದಲೇ ವಸೂಲು ಮಾಡಿರುತ್ತದೆ. ಆ ಫೈಲು ಇಂದಿಗೂ ಬ್ಯಾಂಕಿನ ಬಳಿಯೇ ಇದೆ. ಸಾಲ ಕೊಡುವಾಗ ತಿಳಿದಿದ್ದದ್ದು ಹರಾಜು ಹಾಕುವಾಗ ತಿಳಿಯದೆ ಹೋಗುವುದು ಹೇಗೆ?

ಕಾನೂನು ಇದನ್ನು ಬ್ಯಾಂಕಿನ ಇಷ್ಟಕ್ಕೆ ಬಿಟ್ಟಿಲ್ಲ. 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಅಪಾರ ಅಧಿಕಾರ ಕೊಟ್ಟಿದೆ. 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತದೆಯೇ ಅಡವಿಟ್ಟ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಮಾರಬಹುದು. ಆದರೆ ಅದೇ ವರ್ಷದ ನಿಯಮಾವಳಿಯ 8(6)ನೇ ನಿಯಮ, ಬ್ಯಾಂಕು ತನಗೆ ತಿಳಿದಿರುವ ಋಣಭಾರಗಳ ವಿವರವನ್ನೂ ಕೊಳ್ಳುವವರು ತಿಳಿಯಬೇಕಾದ ಮುಖ್ಯ ಸಂಗತಿಗಳನ್ನೂ ಮಾರಾಟದ ಷರತ್ತಿನಲ್ಲಿ ಹೇಳಬೇಕು ಎನ್ನುತ್ತದೆ. ಅಧಿಕಾರವನ್ನು ಪೂರ್ತಿ ಬಳಸಿ, ಅದರ ಜೊತೆಗೆ ಬಂದ ಹೊಣೆಯನ್ನು ಒಂದು ಪದದಲ್ಲಿ ಮುಗಿಸುವುದು ಅನ್ಯಾಯ.

ಬೆಳ್ಳಂದೂರಿನಲ್ಲಿ ಈ ಮೌನ ಇನ್ನೂ ದುಬಾರಿ. 2007ರಲ್ಲಿ ಬಿಬಿಎಂಪಿಗೆ ಸೇರುವವರೆಗೆ ಇದು ಗ್ರಾಮ ಪಂಚಾಯಿತಿ. ಪಂಚಾಯಿತಿ ಕಾಲದ ಖಾತೆ, ಕನ್ವರ್ಷನ್ ಆಗದ ಸರ್ವೆ ನಂಬರು, ಬಿ ಖಾತಾ, ವಾಸಯೋಗ್ಯ ಪ್ರಮಾಣಪತ್ರ (ಓಸಿ) ಇಲ್ಲದ ಕಟ್ಟಡ ಎಲ್ಲವೂ ಇಲ್ಲಿವೆ. ಇದರ ಜೊತೆಗೆ ಕೆರೆ ಮತ್ತು ರಾಜಕಾಲುವೆ. ‘ಮಾಸ್ಟರ್ ಪ್ಲಾನ್ 2015’ ಕೆರೆಗೆ 30 ಮೀಟರ್, ಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್ ಬಫರ್ (ಕಟ್ಟಡ ಕಟ್ಟಬಾರದ ಜಾಗ) ಇಟ್ಟಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನೀರಿಳಿದ ಮೇಲೆ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿ ಬಂತು. ಇಂಥ ಊರಿನಲ್ಲಿ ಮನೆ ಮಾರುವವರು ಕಾಲುವೆ ಎಷ್ಟು ದೂರದಲ್ಲಿದೆ ಎಂದಾದರೂ ಹೇಳಬೇಡವೇ?

ಬಿಡ್ ಗೆದ್ದವರಿಗೆ ಯೋಚಿಸಲು ಸಮಯವಿಲ್ಲ. ಅಂದೇ, ತಡವಾದರೆ ಮುಂದಿನ ಕೆಲಸದ ದಿನ, ಬೆಲೆಯ ಶೇ 25ರಷ್ಟು ಕಟ್ಟಬೇಕು. ಮಾರಾಟ ಖಾಯಂ ಆದ 15 ದಿನದೊಳಗೆ ಉಳಿದದ್ದನ್ನೂ ಕಟ್ಟಬೇಕು. ಗಡುವು ವಿಸ್ತರಣೆ ಬ್ಯಾಂಕು ಒಪ್ಪಿದರೆ ಮಾತ್ರ. ತಪ್ಪಿದರೆ ಇಡೀ ಠೇವಣಿ ಮುಟ್ಟುಗೋಲು. ಅದು ಸರಿಯೆಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ‘ಇದ್ದಲ್ಲಿ ಇದ್ದಂತೆ’ ಕೊಂಡವರು ಹಳೆಯ ಬಾಕಿಯ ಬಗ್ಗೆ ತಾವೇ ವಿಚಾರಿಸಿಕೊಳ್ಳಬೇಕೆಂದು 2023ರಲ್ಲಿ ವಿದ್ಯುತ್ ಬಾಕಿಯ ಪ್ರಕರಣಗಳಲ್ಲಿ ಅದೇ ಕೋರ್ಟು ಹೇಳಿತ್ತು. ಎಲ್ಲ ಬಿಗಿಯೂ ಕೊಳ್ಳುವವರಿಗೇ.

ಬ್ಯಾಂಕಿನವರ ವಾದ ನನಗೆ ಗೊತ್ತು. ಹಕ್ಕಿಗೆ ಗ್ಯಾರಂಟಿ ಕೊಟ್ಟರೆ ಪ್ರತಿ ಹರಾಜೂ ಕೋರ್ಟಿಗೆ ಹೋಗುತ್ತದೆ, ಠೇವಣಿದಾರರ ಹಣ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ ಎನ್ನುತ್ತಾರೆ. ಗ್ಯಾರಂಟಿಯನ್ನು ಯಾರೂ ಕೇಳುತ್ತಿಲ್ಲ. ಕೈಯಲ್ಲಿರುವ ಕಾಗದವನ್ನು ಬಿಚ್ಚಿ ತೋರಿಸಿ ಎನ್ನುತ್ತಿದ್ದೇವೆ, ಅಷ್ಟೆ. ದೋಷ ಮುಚ್ಚಿಟ್ಟ ಹರಾಜುಗಳೇ ಹೆಚ್ಚು ವ್ಯಾಜ್ಯ ತರುತ್ತವೆ. ಅನುಮಾನದ ಮನೆಗೆ ಬೆಲೆಯೂ ಏಳುವುದಿಲ್ಲ. ಆ ನಷ್ಟ ಮನೆ ಕಳೆದುಕೊಂಡ ಕುಟುಂಬದ ತಲೆಗೇ ಬರುತ್ತದೆ. ಹರಾಜಿನಲ್ಲಿ ತೀರದ ಸಾಲವನ್ನು ಅವರೇ ಕಟ್ಟಬೇಕು.

ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಲಿ: ಲೀಗಲ್ ಒಪಿನಿಯನ್, ಹೊಸ ಇಸಿ, ಖಾತೆಯ ಪ್ರತಿ, ಬಫರ್ ತೋರಿಸುವ ಸರ್ವೆ ನಕ್ಷೆ ಇಲ್ಲದೆ ಯಾವ ಮನೆಯೂ ಹರಾಜಿಗೆ ಬರಕೂಡದು. ಅಲ್ಲಿಯವರೆಗೆ, ಬೆಳ್ಳಂದೂರಿನಲ್ಲಿ ಅಗ್ಗಕ್ಕೆ ಮನೆ ಸಿಗುತ್ತದೆಂದು ಹೊರಟವರು ಮುಂಗಡ ಠೇವಣಿ (ಇಎಂಡಿ) ಕಟ್ಟುವ ಮೊದಲು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಪತ್ರ ಬರೆದು ಸಾಲದ ಫೈಲಿನಲ್ಲಿರುವ ಲೀಗಲ್ ಒಪಿನಿಯನ್ ಕೇಳಿ. ಕೊಡದಿದ್ದರೆ ಆ ಮನೆಗೆ ಬಿಡ್ ಹಾಕಬೇಡಿ.