ಪೆಟ್ರೋಲಿನ ಶುಚಿತ್ವವೂ ಬಂಕಿನ ಮೌನವೂ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಬೈಲಕುಪ್ಪೆಯ ಮಾರ್ಗವಾಗಿ ಕೊಡಗಿಗೆ ಹೋಗುವ ಬಾಡಿಗೆ ಕಾರುಗಳಿಗೆ ಲೆಕ್ಕವಿಲ್ಲ. ೧೯೬೧ರಲ್ಲಿ ನೆಲೆಗೊಂಡ ಟಿಬೆಟಿಯನರ ವಸತಿಯನ್ನೂ ನಾಮ್‌ಡ್ರೋಲಿಂಗ್ ಮಠವನ್ನೂ ನೋಡಬರುವ ಪ್ರವಾಸಿಗರಿಂದಲೇ ಅನೇಕ ಚಾಲಕರ ಸಂಸಾರ ನಡೆಯುತ್ತಿರುವುದಷ್ಟೆ. ಇಂಥವನು ಬಂಕಿಗೆ ಬಂದೊಡನೆ ಕೇಳುವ ಪ್ರಶ್ನೆ ಒಂದೇ: ‘ಸಾದಾ ಹಾಕಲೋ, ಪ್ರೀಮಿಯಮ್ಮೋ?’ ಹೆಚ್ಚು ಹಣ ತೆತ್ತರೆ ಎಂಜಿನ್ನು ಶುಚಿಯಾಗಿರುವುದೆಂದು ನಂಬಿ ಆತನು ದಿನದ ಲಾಭದಲ್ಲಿ ಒಂದು ಪಾಲನ್ನು ಅಲ್ಲಿಯೇ ಬಿಟ್ಟುಬರುತ್ತಾನೆ.

ಈ ನಂಬಿಕೆಯಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಆಕ್ಟೇನ್ ಎಂಬ ಅಂಕಿಯು ಪೆಟ್ರೋಲು ಸಿಲಿಂಡರಿನಲ್ಲಿ ಅಕಾಲದಲ್ಲಿ ಸಿಡಿಯದೆ ತಡೆದುಕೊಳ್ಳುವ ಶಕ್ತಿಯ ಅಳತೆಯೇ ಹೊರತು ಶುಚಿತ್ವದ ಅಳತೆಯಲ್ಲ. ೯೧ರ ಪೆಟ್ರೋಲಿಗೆಂದು ನಿರ್ಮಿಸಿದ ಎಂಜಿನ್ನಿಗೆ ೧೦೦ರದನ್ನು ಹೊಯ್ದರೂ ಆ ಅಂಕಿಯ ಬಲದಿಂದ ಮಸಿ ಕಡಮೆಯಾಗದು. ಮಸಿಯನ್ನು ತೊಳೆಯತಕ್ಕದ್ದು ಪೆಟ್ರೋಲಿಗೆ ಅತ್ಯಲ್ಪವಾಗಿ ಬೆರೆಸುವ ಪಾಲಿಈಥರ್ ಅಮೈನಿನಂಥ ಮಾರ್ಜಕ ದ್ರವ್ಯ. ಅದೂ ಸಂಜೀವಿನಿಯಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಈಚಿನ ಎಂಜಿನ್ನುಗಳಲ್ಲಿ ಅದು ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲವಾದ್ದರಿಂದ, ಇಂಜೆಕ್ಟರಿನ ಮೂತಿ ಶುಚಿಯಾದೀತು, ವಾಲ್ವಿನ ಬೆನ್ನಿನ ಮಸಿ ಹಾಗೆಯೇ ಉಳಿದೀತು.

ಅಮೆರಿಕದಲ್ಲಿ ೧೯೯೫ರಿಂದ ಎಲ್ಲ ಪೆಟ್ರೋಲಿಗೂ ಮಾರ್ಜಕವನ್ನು ಬೆರೆಸಲೇಬೇಕೆಂದು ಸರಕಾರವು ಕಟ್ಟುಮಾಡಿತು. ಅದು ಸಾಲದೆಂದು ೨೦೦೪ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಕಂಪನಿಗಳು ಸೇರಿ ‘ಟಾಪ್ ಟಿಯರ್’ ಎಂಬ ಬಿಗಿಯಾದ ಮಟ್ಟವನ್ನು ಗೊತ್ತುಮಾಡಿದುವು. ಅಲ್ಲಿನ ಮೋಟಾರು ಸಂಘವಾದ ಎಎಎ ೨೦೧೬ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಈ ಮಟ್ಟದ ಪೆಟ್ರೋಲಿಗಿಂತ ಇತರ ಪೆಟ್ರೋಲು ಸರಾಸರಿ ೧೯ ಪಟ್ಟು ಮಸಿಯನ್ನು ಉಳಿಸಿತು. ಮುಖ್ಯವಾದುದೆಂದರೆ, ಈ ಹೆಸರು ಬೇಕಾದ ಕಂಪನಿಯು ತಾನು ಮಾರುವ ಎಲ್ಲ ದರ್ಜೆಯ ಪೆಟ್ರೋಲಿಗೂ ಮಾರ್ಜಕವನ್ನು ಅದೇ ಮಟ್ಟಕ್ಕೆ ಬೆರೆಸತಕ್ಕದ್ದು. ಅಗ್ಗದ ಗಿರಾಕಿಯನ್ನು ಬೇರೆ ಪಂಕ್ತಿಯಲ್ಲಿ ಕೂರಿಸುವಂತಿಲ್ಲ.

ನಮ್ಮ ಬಂಕುಗಳಲ್ಲಿ ದರವನ್ನು ಪೈಸೆಯವರೆಗೆ ಬರೆದಿರುತ್ತಾರೆ. ಸಾಂದ್ರತೆಯನ್ನು ತಿಳಿಸುತ್ತಾರೆ. ಕೇಳಿದರೆ ಫಿಲ್ಟರ್ ಕಾಗದದ ಪರೀಕ್ಷೆಯನ್ನೂ ಮಾಡಿ ತೋರಿಸತಕ್ಕದ್ದು. ಇದನ್ನು ಕೇಳುವ ಧೈರ್ಯ ಎಷ್ಟು ಮಂದಿಗುಂಟೋ! ಆದರೆ ಸಾದಾ ಪೆಟ್ರೋಲಿನಲ್ಲಿ ಮಾರ್ಜಕವೆಷ್ಟು, ದುಬಾರಿಯದರಲ್ಲಿ ಎಷ್ಟು ಎಂಬ ಬರಹವನ್ನು ಬಂಕಿನ ಬೋರ್ಡಿನಲ್ಲಿ ನಾವು ಕಂಡಿಲ್ಲ. ಬೆರಕೆಯ ವಿಷಯದಲ್ಲಿ ಮೌನವು ಎಂಥದೆಂಬುದನ್ನು ಲೋಕವು ಒಮ್ಮೆ ಅನುಭವಿಸಿದೆ. ೧೯೨೧ರಲ್ಲಿ ಅಮೆರಿಕದಲ್ಲಿ ಎಂಜಿನ್ನಿಗೆ ಹಿತವೆಂದು ಕಂಡುಹಿಡಿದ ಸೀಸದ ಬೆರಕೆಯು ಮಕ್ಕಳ ಮಿದುಳಿಗೆ ವಿಷವಾಯಿತು; ನಮ್ಮ ದೇಶದಲ್ಲಿ ಅದು ತೊಲಗಿದ್ದು ೨೦೦೦ದಲ್ಲಿ. ಈಗಲಾದರೋ ಪೆಟ್ರೋಲಿನಲ್ಲಿ ಶೇಕಡ ೨೦ರಷ್ಟು ಎಥನಾಲ್ ಸೇರಿದೆ. ಎಥನಾಲು ನೀರನ್ನು ಹೀರತಕ್ಕ ವಸ್ತು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಹಳೆಯ ಕಾರಿನ ಟ್ಯಾಂಕಿಗೆ ನೀರು ಸೇರಿದರೆ ಮಾರ್ಜಕವು ಅದನ್ನು ನೀಗಲಾರದು.

ಚಾಲಕರು ತಯಾರಕರ ಪುಸ್ತಕದಲ್ಲಿ ಹೇಳಿದ ಆಕ್ಟೇನಿಗಿಂತ ಮೇಲಿನದಕ್ಕೆ ಹಣ ಸುರಿಯದೆ, ಅದನ್ನು ಎಂಜಿನ್ ಆಯಿಲಿಗೂ ಏರ್ ಫಿಲ್ಟರಿಗೂ ವೆಚ್ಚಮಾಡುವುದು ಲೇಸು. ದ್ರವ್ಯದ ಹೆಸರನ್ನೇ ಕಾಣಿಸದ ಬಾಟಲಿಗಳನ್ನು ಮುಟ್ಟದಿರಲಿ. ಸಾರ್ವಜನಿಕರ ಒಡೆತನದಲ್ಲಿರುವ ತೈಲ ಕಂಪನಿಗಳಾದರೋ ಪ್ರತಿ ಪಂಪಿನ ಮೇಲೂ ಮಾರ್ಜಕದ ಹೆಸರನ್ನೂ ಪ್ರಮಾಣವನ್ನೂ ಕನ್ನಡದಲ್ಲಿ ಬರೆಯಿಸತಕ್ಕದ್ದು. ದುಬಾರಿ ಪೆಟ್ರೋಲಿನಲ್ಲಿ ಅದು ಹೆಚ್ಚಾಗಿದ್ದರೆ ಸಾದಾ ಪೆಟ್ರೋಲಿಗೂ ಅಷ್ಟೇ ಬೆರೆಸಲು ತಗಲುವ ವೆಚ್ಚವನ್ನು ಪ್ರಕಟಿಸತಕ್ಕದ್ದು.