ಅಂಕಿ ಸಿಕ್ಕಿತು, ಹರಿವು ಸಿಕ್ಕಿತೇ?

ನಿದ್ದೆಯಲ್ಲಿ ಮೆದುಳಿನೊಳಗೆ ದ್ರವ ಹರಿದು ಕೊಳೆ ತೊಳೆಯುತ್ತದೆ ಎಂಬ ರೀಲ್ಸ್ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಮೊಬೈಲಿನಲ್ಲೂ ಇದೆ. ಇದರ ಮೂಲ 2013ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ. 2024ರಲ್ಲಿ ಇಲಿಗಳ ಮೇಲೆಯೇ ನಡೆದ ಇನ್ನೊಂದು ಅಧ್ಯಯನ, ನಿದ್ದೆಯಲ್ಲಿ ಆ ಕೆಲಸ ನಿಧಾನವಾಗುತ್ತದೆ ಎಂದಿತು. ಸರಿ, ಮನುಷ್ಯರಲ್ಲೇ ಅಳೆದು ನೋಡೋಣವೆಂದರೆ ಅಳತೆಗೋಲೇ ಗಟ್ಟಿಯಿಲ್ಲ.

2017ರಲ್ಲಿ ಜಪಾನಿನ ತವೋಕಾ ಮತ್ತು ಸಂಗಡಿಗರು ಡಿಟಿಐ-ಆಲ್ಪ್ಸ್ ಎಂಬ ಎಂಆರ್‌ಐ ವಿಧಾನ ಕೊಟ್ಟರು. ಚುಚ್ಚುಮದ್ದು ಬೇಡ, ಮಾಮೂಲಿ ಸ್ಕ್ಯಾನ್ ಸಾಕು. ಹಾಗಾಗಿ ಆಲ್ಝೈಮರ್, ಪಾರ್ಕಿನ್ಸನ್ ಸಂಶೋಧನೆಗಳಲ್ಲೆಲ್ಲ ಅದೇ. ಆದರೆ ಅದು ನೋಡುವುದು ಮೆದುಳಿನ ಒಂದು ಸಣ್ಣ ಜಾಗದಲ್ಲಿ ನೀರಿನ ಅಣುಗಳು ಯಾವ ದಿಕ್ಕಿಗೆ ಹೆಚ್ಚು ಚದುರುತ್ತವೆ ಎಂಬುದನ್ನು. ಸ್ಕ್ಯಾನಿನ ಒಂದು ಚುಕ್ಕಿ ಸುಮಾರು 2 ಮಿಲಿಮೀಟರ್. ರಕ್ತನಾಳದ ಸುತ್ತಲಿನ ಸಂದು ಅದಕ್ಕಿಂತ ಎಷ್ಟೋ ಕಿರಿದು. ಚುಕ್ಕಿಯ ತುಂಬ ಇರುವುದು ನರತಂತುಗಳೇ. ತಂತು ಸವೆದರೂ, ತಲೆ ತುಸು ವಾಲಿದರೂ ಅಂಕಿ ಬದಲಾಗುತ್ತದೆ.

ನೇತ್ರಾವತಿ ಸೇತುವೆಯ ಮೇಲೆ ನಿಂತು, ನೀರು ಕಲಕುವುದನ್ನಷ್ಟೇ ನೋಡಿ ಇಷ್ಟು ನೀರು ಕಡಲಿಗೆ ಹೋಯಿತು ಎಂದ ಹಾಗಾಯಿತು. ಉಬ್ಬರದ ಹೊತ್ತಾದರೆ ಅದು ಒಳಗೇ ಬರುತ್ತಿರುತ್ತದೆ! ಹರಿವೆಂದರೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎನ್ನಬೇಕು. ಆಲ್ಪ್ಸ್ ಬರೀ ಅನುಪಾತ, ಏಕಮಾನವೇ ಇಲ್ಲ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಹೋದಂತೆಯೇ.

ಓಸ್ಲೋದ ವೈದ್ಯರು ಬೆನ್ನುಹುರಿಯ ದ್ರವಕ್ಕೆ ಗ್ಯಾಡೊಲಿನಿಯಮ್ ಚುಚ್ಚಿ, ಅದು ಮೆದುಳಿಗೆ ಇಳಿಯುವುದನ್ನು ಒಂದೆರಡು ದಿನ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಕಷ್ಟದ ದಾರಿ, ಎಲ್ಲರಿಗೂ ಆಗದು. ಹಾಗೆಂದು ಸುಲಭದ ಅಂಕಿಗೆ ದೊಡ್ಡ ಹೆಸರು ಕೊಡಬೇಕಿಲ್ಲ. ಮರೆವಿನ ಅಜ್ಜಿಯನ್ನು ಕರೆತಂದ ಮನೆಯವರಿಗೆ "ಮೆದುಳು ಸ್ವಚ್ಛವಾಗುತ್ತಿಲ್ಲ" ಎಂದು ಈ ಒಂದು ಅಂಕಿ ತೋರಿಸಿ ಹೇಳುವ ಕಾಲ ಇನ್ನೂ ಬಂದಿಲ್ಲ.