ಗದ್ಯಕ್ಕೇಕೆ ಪಾದಪೂರಣ?

ಛಂದಸ್ಸಿಗೆ ಕಟ್ಟುಬಿದ್ದ ಕವಿಗೆ ಪಾದಪೂರಣದ ನೆವವುಂಟು. ಗಣವೊಂದು ಕೊರತೆಯಾದೆಡೆ ಅರ್ಥಕ್ಕೆ ಬೇಡದ ಅವ್ಯಯವೊಂದು ಬಂದು ಕುಳಿತರೆ ಸಹೃದಯರು ಕ್ಷಮಿಸುತ್ತಾರೆ. ಗಣದ ಹಂಗೂ ಪ್ರಾಸದ ಹಂಗೂ ಇಲ್ಲದ ಸಂಶೋಧನ ಗದ್ಯಕ್ಕೆ ಆ ನೆವವಿಲ್ಲ. ಆದರೂ ಇಂದು ಪಾದಪೂರಣದ ಹಾವಳಿ ಹೆಚ್ಚಿರುವುದು ಅಲ್ಲಿಯೇ.

ಮಹಾಪ್ರಬಂಧಗಳಲ್ಲಿ ಬಳಕೆಯಾಗುವ ವಾಕ್ಯದ ಮಾದರಿಯೊಂದು ಹೀಗಿದೆ: ‘ಪಂಪನು ರಚಿಸಿರುವಂತಹ ಆದಿಪುರಾಣ ಎನ್ನುವಂತಹ ಕಾವ್ಯವು ಕ್ರಿ.ಶ. 941ರಲ್ಲಿ ರಚನೆಯಾಗಿರುವಂತಹ ಒಂದು ಕೃತಿಯಾಗಿದೆ ಎಂಬುದನ್ನು ನಾವು ಕಾಣಬಹುದಾಗಿದೆ.’ ಇದರ ತಿರುಳು ಇಷ್ಟೆ: ‘ಪಂಪನ ಆದಿಪುರಾಣ ಕ್ರಿ.ಶ. 941ರ ಕೃತಿ.’ 13 ಪದಗಳ ಕೆಲಸವನ್ನು 5 ಪದಗಳು ಮಾಡುತ್ತವೆ.

ಇದು ಬರಿಯ ಅಂದಗೇಡಿನ ಪ್ರಶ್ನೆಯಲ್ಲ. ‘ಅಂತಹ’ ಎಂಬುದು ಸಾದೃಶ್ಯವನ್ನೋ ಪ್ರಕಾರವನ್ನೋ ಸೂಚಿಸುವ ಪದ. ‘ಪಂಪ ಬರೆದ ಕಾವ್ಯ’ ಎಂದರೆ ಕರ್ತೃತ್ವದ ನಿರ್ಣಯ. ‘ಪಂಪ ಬರೆದಂತಹ ಕಾವ್ಯ’ ಎಂದರೆ ಅವನ ಕಾವ್ಯವನ್ನು ಹೋಲುವ ಮತ್ತೊಂದು ಎಂದೂ ಅರ್ಥವಾದೀತು. ಕರ್ತೃತ್ವವೇ ವಿವಾದಗ್ರಸ್ತವಾದ ಕೃತಿಗಳ ಚರ್ಚೆಯಲ್ಲಿ ಈ ಸಡಿಲಿಕೆ ಅಪಾಯಕಾರಿ. ‘ಕಾಣಬಹುದಾಗಿದೆ’ ಎಂಬುದರ ಕೇಡು ಇನ್ನೊಂದು ಬಗೆಯದು. ಕಂಡವರಾರು, ಯಾವ ಶಾಸನದಲ್ಲಿ, ಯಾವ ಹಸ್ತಪ್ರತಿಯಲ್ಲಿ ಎಂಬ ಪ್ರಶ್ನೆಗಳನ್ನು ಅದು ಮರೆಸುತ್ತದೆ. ಹೊಣೆ ಹೊರಲೊಲ್ಲದ ಪಾಂಡಿತ್ಯಕ್ಕೆ ಅದೇ ಆಸರೆ.

ವಿಸ್ತಾರವೇ ಗಾಂಭೀರ್ಯವೆಂದು ವಾದಿಸುವವರುಂಟು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ದಿಗಂಬರ ಪಾಠದಂತೆ 10 ಅಧ್ಯಾಯ, 357 ಸೂತ್ರಗಳಲ್ಲಿ ಮುಗಿಯುತ್ತದೆ. ಜೀವದಿಂದ ಮೋಕ್ಷದವರೆಗಿನ 7 ತತ್ತ್ವಗಳೂ ಅದರಲ್ಲಿ ಅಡಕವಾಗಿವೆ. ಪೂಜ್ಯಪಾದ, ಅಕಲಂಕರು ಅದಕ್ಕೆ ವಿಸ್ತಾರವಾದ ವ್ಯಾಖ್ಯಾನ ಬರೆದದ್ದು ಸೂತ್ರದಲ್ಲಿ ಅರ್ಥ ತುಂಬಿದ್ದರಿಂದ. ಪುಟ ತುಂಬಿಸುವ ಅಗತ್ಯ ಅವರಿಗಿರಲಿಲ್ಲ.

ಹಾಗೆಂದು ಸಣ್ಣ ಪದಗಳೆಲ್ಲ ಕಸವಲ್ಲ. ಸ್ಯಾದ್ವಾದದ ‘ಸ್ಯಾತ್’ ಪುಟ್ಟ ಅವ್ಯಯ. ಅದನ್ನು ತೆಗೆದರೆ ‘ಒಂದು ಅಪೇಕ್ಷೆಯಿಂದ ಇದೆ’ ಎಂಬ ಮಾತು ‘ಇದ್ದೇ ಇದೆ’ ಎಂಬ ಏಕಾಂತವಾಗುತ್ತದೆ. ಕಾಲನಿರ್ಣಯ ಖಚಿತವಿಲ್ಲದೆಡೆ ಬರುವ ‘ಬಹುಶಃ’ ಕೂಡ ಅಂಥದೇ. ಅದನ್ನು ಕತ್ತರಿಸಿದರೆ ವಾಕ್ಯ ಸುಳ್ಳಾಗುತ್ತದೆ. ತೆಗೆದಾಗ ಅರ್ಥ ಕದಲಿದರೆ ಪದ ಉಳಿಯಲಿ, ಕದಲದಿದ್ದರೆ ಹೋಗಲಿ. ಇದಕ್ಕಿಂತ ಬೇರೆ ಒರೆಗಲ್ಲು ಬೇಕಿಲ್ಲ.

ಹಿತ, ಮಿತ, ಅಸಂದಿಗ್ಧ: ಭಾಷಾಸಮಿತಿ ಮುನಿಗೆ ವಿಧಿಸುವ ಮಾತಿನ ಲಕ್ಷಣವಿದು. ಪದವಿಗಾಗಿ ನೂರಾರು ಪುಟ ಬರೆಯುವ ಗೃಹಸ್ಥರಿಗೂ ಅದು ಸಲ್ಲಬೇಕು. ಮಾರ್ಗದರ್ಶಕರು ಪುಟಗಳನ್ನೆಣಿಸುವುದನ್ನು ಬಿಟ್ಟು ‘ಅಂತಹ’ಗಳನ್ನೆಣಿಸತೊಡಗಿದರೆ ಅರ್ಧ ಕೆಲಸ ಮುಗಿದಂತೆ.